ಹನ್ನೊಂದು ಪಕ್ಷಗಳ ನಡಾವಳಿ

ಆ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿರುವ, ಕಚೇರಿಗಳಲ್ಲಿ ಫ್ರೆಂಚ್ ನಡೆಯುವ ಒಂದು ಸಣ್ಣ ದೇಶ ಅಂದರೆ ಸಾಕು. ಹೆಸರುಗಳನ್ನು ಯೋಚಿಸದೆ ಬಯಲಿಗಿಟ್ಟರೆ ಏನಾಗುತ್ತದೆ ಎಂಬುದನ್ನು ಒಮ್ಮೆ ನೋಡಿದ್ದೇನೆ. ನೋಡಿದ್ದೇನೆ ಅಂದರೂ ಪೂರ್ತಿ ನಿಜವಲ್ಲ, ಇಟ್ಟವರಲ್ಲಿ ನಾನೂ ಒಬ್ಬಳು.

2008ರಲ್ಲಿ ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ಗದಗಿನಿಂದ ಸ್ಯಾನ್ ಡಿಯಾಗೋ ಪಕ್ಕದ ಲಾ ಹೋಯಾದ ವಿಶ್ವವಿದ್ಯಾಲಯಕ್ಕೆ ಬಂದೆ. ಸ್ಯಾನ್ ಡಿಯಾಗೋದ ಕನ್ನಡದವರು ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ನಾನು ಯಾವ ಗುಂಪಿಗೂ ಹೊಂದುತ್ತಿರಲಿಲ್ಲ. ಉಳಿದವರೆಲ್ಲ ಫೋನಿನ ಚಿಪ್, ಸಾಫ್ಟ್‌ವೇರು. "ಪೊಲಿಟಿಕಲ್ ಸೈನ್ಸ್ ಓದೋಕೆ ಇಷ್ಟು ದೂರ ಬಂದ್ರಾ?" ಎಂದು ಕೇಳುತ್ತಿದ್ದರು. ಯಾವುದರ ಮೇಲೆ ಎಂದರೆ ಆಫ್ರಿಕಾದ ವಿರೋಧ ಪಕ್ಷಗಳ ಮೈತ್ರಿಕೂಟ ಎನ್ನುತ್ತಿದ್ದೆ. "ಆಫ್ರಿಕಾ ಯಾಕೆ? ನಮ್ದೇ ಬೇಕಾದಷ್ಟಿದೆಯಲ್ಲ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವರು ಹೇಳಿದ್ದರಲ್ಲಿ ನಿಜವೂ ಇತ್ತು. ಧಾರವಾಡದಲ್ಲಿ ಎಂ.ಎ. ಓದುವಾಗ ನಮ್ಮ ರಾಜ್ಯದಲ್ಲೇ ಎರಡು ಪಕ್ಷಗಳು ಅಧಿಕಾರವನ್ನು ತಿಂಗಳ ಲೆಕ್ಕದಲ್ಲಿ ಹಂಚಿಕೊಂಡು, ಒಬ್ಬರ ಸರದಿ ಮುಗಿದಾಗ ಕುರ್ಚಿ ಬಿಟ್ಟುಕೊಡದೆ ಮುರಿದು ಬಿದ್ದಿದ್ದವು. ಇವರು ಕೈ ಹಿಡಿಯುವುದು ಯಾಕೆ, ಬಿಡುವುದು ಯಾಕೆ ಎಂಬ ಪ್ರಶ್ನೆ ಅಲ್ಲಿಂದಲೇ ನನಗೆ ಅಂಟಿಕೊಂಡಿತ್ತು. ಎಂ.ಎ. ಸೇರುವ ಮೊದಲು ಬೆಂಗಳೂರಿನಲ್ಲಿ ಒಂದೂವರೆ ವರ್ಷ ಸಂಜೆ ಕ್ಲಾಸಿಗೆ ಹೋಗಿ ಫ್ರೆಂಚ್ ಕಲಿತಿದ್ದೆ. ಲಾ ಹೋಯಾದಲ್ಲಿ ಒಬ್ಬ ಪ್ರೊಫೆಸರ್ ಇದೇ ಪ್ರಶ್ನೆಯನ್ನು ಆಫ್ರಿಕಾದ ದೇಶಗಳಿಗೆ ಕೇಳುತ್ತಿದ್ದರು. ಅವರಿಗೆ ಫ್ರೆಂಚ್ ಬರುವ ವಿದ್ಯಾರ್ಥಿ ಬೇಕಿತ್ತು. ಹಾಗೆ ನಾನು ಅವರ ಕೈಕೆಳಗೆ ಸೇರಿದೆ.

ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದಕ್ಕೆ ಮನಸ್ಸು ಬರುವುದಿಲ್ಲ. ಎಂದೂ ದನಿ ಏರಿಸಿದವರಲ್ಲ. ವಿದ್ಯಾರ್ಥಿಗಳ ಹುಟ್ಟುಹಬ್ಬ ನೆನಪಿಟ್ಟು ಕೇಕ್ ತರುತ್ತಿದ್ದರು. ಅವರ ಕೋಣೆಯ ಕಿಟಕಿಯಲ್ಲಿ ಸಮುದ್ರ ಕಾಣುತ್ತಿತ್ತು.

2010ರಲ್ಲಿ, ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ನಲ್ಲಿ ಆ ದೇಶದವರೊಬ್ಬರಿದ್ದಾರೆ, ಅಲ್ಲಿನ ವಿರೋಧ ಪಕ್ಷಗಳ ಮೈತ್ರಿಕೂಟಕ್ಕೆ ಕಾರ್ಯದರ್ಶಿಯಾಗಿದ್ದವರು ಎಂಬ ಸುದ್ದಿ ನನಗೆ ಸಿಕ್ಕಿತು. ಫೋನ್ ಮಾಡಿದೆ. ಈ ಫ್ರೆಂಚ್ ಎಲ್ಲಿ ಕಲಿತದ್ದು ಎಂದು ಕೇಳಿದರು. ಆಮೇಲೆ, "ಶನಿವಾರ ಬಾ. ಊಟಕ್ಕೆ ಬಾ, ಮಾತು ಆಮೇಲೆ" ಎಂದರು.

ಕಡಲ ಪಕ್ಕದ ರೈಲು ಹಿಡಿದು, ಬಸ್ಸು ಬದಲಿಸಿ ಹೋದೆ. ಅರವತ್ತರ ಆಸುಪಾಸಿನ ಎತ್ತರದ ಮನುಷ್ಯ. ಊರಿನಲ್ಲಿ ಭೂಗೋಳದ ಮೇಷ್ಟರಾಗಿದ್ದವರು, ಇಲ್ಲಿ ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸುವ, ಉಣಿಸುವ ಕೆಲಸ. ನಾನು ಮನಸ್ಸಿನಲ್ಲೇ ಅವರನ್ನು ಮೇಷ್ಟ್ರು ಎಂದು ಕರೆದುಕೊಂಡೆ. ಅವರು ನನ್ನನ್ನು ಮೊದಲ ದಿನದಿಂದಲೇ ಮಗಳೇ ಎಂದರು. ಅನ್ನಕ್ಕೆ ಶೇಂಗಾದ ಸಾರು ಮಾಡಿದ್ದರು. ನಾನು ಮೀನು ತಿನ್ನುವುದಿಲ್ಲ ಎಂದಾಗ ನನ್ನ ಪಾಲಿನ ಸಾರಿನಿಂದ ಮೀನಿನ ತುಂಡುಗಳನ್ನು ಚಮಚದಲ್ಲಿ ಒಂದೊಂದಾಗಿ ಹೆಕ್ಕಿ ತೆಗೆದು, "ಈಗ ಸರಿ" ಎಂದು ಮುಂದಿಟ್ಟರು. ಮೀನಿನ ರುಚಿ ಸಾರಿನ ತುಂಬ ಇತ್ತು. ಸುಮ್ಮನೆ ಉಂಡೆ. ಮುಂದಿನ ಸಲ ಅವ್ವ ಕಳಿಸಿದ್ದ ಶೇಂಗಾ ಚಟ್ನಿಪುಡಿ ಒಯ್ದು ಕೊಟ್ಟೆ. ಅದನ್ನವರು ಬ್ರೆಡ್ಡಿಗೂ ಹಚ್ಚಿಕೊಂಡು ತಿಂದರು.

ಊಟವಾದ ಮೇಲೆ ಸೂಟ್‌ಕೇಸಿನಿಂದ ನಾಲ್ಕು ನೋಟುಪುಸ್ತಕ ತೆಗೆದರು. ಶಾಲೆಯ ಮಕ್ಕಳ ಚೌಕಳಿ ಹಾಳೆಯ ಪುಸ್ತಕಗಳು. ಮೈತ್ರಿಕೂಟದ ಪ್ರತಿಯೊಂದು ಸಭೆಯ ನಡಾವಳಿ, ಯಾರು ಬಂದರು, ಯಾರು ಏನೆಂದರು, ಯಾರು ಎದ್ದು ಹೋದರು ಎಂಬುದೆಲ್ಲ ಅವರ ಗುಂಡು ಅಕ್ಷರದಲ್ಲಿ. ಊರು ಬಿಟ್ಟು ಓಡುವಾಗ ಬಟ್ಟೆ ಬಿಟ್ಟು ಇವನ್ನು ತಂದಿದ್ದರು.

ಕಥೆ ಹೀಗಿತ್ತು. ಆ ದೇಶದ ಅಧ್ಯಕ್ಷ ದಶಕಗಳಿಂದ ಕೂತಿದ್ದ. ಪ್ರತಿ ಚುನಾವಣೆಯಲ್ಲೂ ಅವನ ವಿರುದ್ಧ ಬೀಳುವ ಮತಗಳೇ ಹೆಚ್ಚು, ಆದರೆ ಅವು ಹತ್ತಾರು ಪಕ್ಷಗಳಿಗೆ ಹಂಚಿಹೋಗಿ ಅವನೇ ಗೆಲ್ಲುತ್ತಿದ್ದ. ಕೊನೆಗೆ ಹನ್ನೊಂದು ಪಕ್ಷಗಳು ಸೇರಿ ಒಬ್ಬನೇ ಅಭ್ಯರ್ಥಿಯನ್ನು ನಿಲ್ಲಿಸಬೇಕು ಎಂದು ಮಾತಾಯಿತು. ಹೋಟೆಲಿನವರು, ಚರ್ಚಿನವರು, ಮದುವೆ ಮಂಟಪದವರು ಯಾರೂ ಜಾಗ ಕೊಡಲಿಲ್ಲ. ಕೊಟ್ಟವಳು ಒಬ್ಬ ಹೆಂಗಸು. ಹಿನ್ನೀರಿನ ದಡದಲ್ಲಿ ಆಕೆಗೊಂದು ಅಂಗಳವಿತ್ತು. ಅಲ್ಲಿ ಮಣ್ಣಿನ ಒಲೆಗಳ ಮೇಲೆ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಿದ್ದಳು. ಹತ್ತಾರು ಹೆಂಗಸರು ಅಲ್ಲಿ ಕೆಲಸ ಮಾಡುತ್ತಿದ್ದರು.

"ಪೊಲೀಸರು ಆ ಹೊಗೆಯೊಳಗೆ ಬರ್ತಿರಲಿಲ್ಲ" ಎಂದರು ಮೇಷ್ಟ್ರು. "ಕಣ್ಣು ಉರೀತಿತ್ತು. ನಮ್ಮದೂ ಉರೀತಿತ್ತು. ಅಲ್ಲಿಂದ ಮನೆಗೆ ಹೋದ್ರೆ ಹೆಂಡತಿಗೆ ವಾಸನೆಯಲ್ಲೇ ಗೊತ್ತಾಗ್ತಿತ್ತು, ಇವತ್ತು ಸಭೆ ಇತ್ತು ಅಂತ."

ಹನ್ನೊಂದು ಪಕ್ಷಗಳಿದ್ದರೂ ಜಗಳ ಇಬ್ಬರದು. ಒಬ್ಬ ಹಳೆಯ ಮಂತ್ರಿ, ಇನ್ನೊಬ್ಬ ಡಾಕ್ಟರ್. ಅಭ್ಯರ್ಥಿ ನಾನಾಗಬೇಕು ಎಂದು ಇಬ್ಬರದೂ ಹಟ. ತಿಂಗಳುಗಟ್ಟಲೆ ಮಾತು ಮುಂದೆ ಹೋಗಲಿಲ್ಲ. ಮೂರನೆಯ ಪುಸ್ತಕದಲ್ಲಿ ಒಂದು ದಿನದ ನಡಾವಳಿ ಇದೆ. ಅಂದು ಅಂಗಳದ ಒಡತಿ ಗೇಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಾಯಕರ ನಡುವೆ ಕೂತಳು. ಯಾವ ಪಕ್ಷದ ಸದಸ್ಯೆಯೂ ಅಲ್ಲ. ಆಕೆಯ ಮಾತನ್ನು ಮೇಷ್ಟ್ರು ಹಾಗೆಯೇ ಬರೆದುಕೊಂಡಿದ್ದರು: "ನನ್ನ ಒಲೆಗಳನ್ನು ಆರಿಸಿ ನಿಮಗೆ ಜಾಗ ಕೊಟ್ಟಿದ್ದೇನೆ. ಒಂದು ಹೆಸರು ಹೇಳಿ, ಆಮೇಲೆ ಹೊರಗೆ ಹೋಗಿ." ಸಂಜೆಯೊಳಗೆ ಹಳೆಯ ಮಂತ್ರಿಯ ಹೆಸರು ಒಪ್ಪಿಗೆಯಾಯಿತು. ಡಾಕ್ಟರ್ ಸಹಿ ಹಾಕಿದ. ನಡಾವಳಿಯ ಕೆಳಗೆ ಆಕೆಯ ಹೆಸರೂ ಅಂದು ಹಾಜರಿದ್ದ ಹೆಂಗಸರ ಹೆಸರುಗಳೂ ಇದ್ದವು.

ಮತದಾನಕ್ಕೆ ಎರಡು ವಾರವಿದ್ದಾಗ ಡಾಕ್ಟರ್ ಅಧ್ಯಕ್ಷನ ಅರಮನೆಗೆ ಹೋದ. ಹೊರಗೆ ಬರುವಾಗ ಆರೋಗ್ಯ ಮಂತ್ರಿಯಾಗಿದ್ದ. ಹಿಂಬಾಲಿಸಿ ಇನ್ನೂ ನಾಲ್ಕು ಪಕ್ಷ ಕಳಚಿಕೊಂಡವು. ಮೈತ್ರಿಕೂಟ ಸೋತಿತು. ಇದನ್ನು ಪ್ರತಿಭಟಿಸಿ ಮೆರವಣಿಗೆ ಹೋದವರ ಮೇಲೆ ಸೇತುವೆಯೊಂದರ ಬಳಿ ಗುಂಡು ಹಾರಿತು. ಸತ್ತವರಲ್ಲಿ ಮೇಷ್ಟ್ರ ಇಬ್ಬರು ವಿದ್ಯಾರ್ಥಿಗಳಿದ್ದರು. ಮೇಷ್ಟ್ರು ಓಡಿ ಗಡಿ ದಾಟಿದರು.

ಇಂಥ ಪುಸ್ತಕ ಯಾವ ಸಂಶೋಧಕರ ಕೈಗೂ ಸಿಕ್ಕಿರಲಿಲ್ಲ. ಪ್ರೊಫೆಸರ್ ಕುರ್ಚಿಯಿಂದ ಎದ್ದುಬಿಟ್ಟರು. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಸ್ಕ್ಯಾನ್ ಮಾಡಿಸೋಣ, ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸು ಎಂದರು.

ಪತ್ರ ಇಂಗ್ಲಿಷಿನಲ್ಲಿತ್ತು. ಮೇಷ್ಟ್ರ ಅಡುಗೆಮನೆಯಲ್ಲಿ ಕೂತು ನಾನು ಅದನ್ನು ಫ್ರೆಂಚಿಗೆ ಮಾಡಿ ಓದಿದೆ. ಕೊನೆಯಲ್ಲಿ ನಾಲ್ಕು ಚೌಕಗಳಿದ್ದವು, ಒಪ್ಪಿಗೆಯಿದ್ದರೆ ಗುರುತು ಹಾಕಬೇಕು. ನಾಲ್ಕನೆಯದು, ಈ ಸಾಮಗ್ರಿಯನ್ನು ಇತರ ಸಂಶೋಧಕರೊಂದಿಗೆ ಹಂಚಿಕೊಳ್ಳಬಹುದು ಎಂದು.

"ಇದೇನು?" ಎಂದರು ಮೇಷ್ಟ್ರು.

"ಇದು ಎಲ್ಲರಿಗೂ ಇರೋದು. ರೂಢಿ ಅಷ್ಟೇ."

"ಈ ಪುಸ್ತಕದಲ್ಲಿರೋರು ಇನ್ನೂ ಅಲ್ಲೇ ಇದ್ದಾರೆ. ನಾನೊಬ್ಬ ಓಡಿ ಬಂದೆ, ಅವರು ಬರಲಿಲ್ಲ. ಹೆಸರುಗಳನ್ನ ಮುಚ್ಚಬೇಕು."

"ಖಂಡಿತ ಮುಚ್ತೀವಿ."

"ಬರಿ."

ನಾನು ಪತ್ರದ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ, ಎಲ್ಲ ಹೆಸರುಗಳನ್ನೂ ಮರೆಮಾಡತಕ್ಕದ್ದು ಎಂದು. ಅದರ ಪಕ್ಕ ಅವರು ಸಹಿ ಮಾಡಿದರು. ನಾಲ್ಕನೆಯ ಚೌಕಕ್ಕೂ ಗುರುತು ಹಾಕಿದರು, ನಾನು ರೂಢಿ ಎಂದೆನಲ್ಲ, ಅದಕ್ಕೆ. ನಾಲ್ಕೂ ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟರು.

ಮುಂದಿನ ಎರಡು ವರ್ಷ ಬಹಳಷ್ಟು ಶನಿವಾರಗಳು ಗ್ಲೆಂಡೇಲ್‌ನಲ್ಲೇ ಕಳೆದವು. ಲಾಸ್ ಏಂಜಲೀಸ್‌ನಲ್ಲಿ ಆ ದೇಶದಿಂದ ಬಂದವರ ಸಣ್ಣ ಸಮಿತಿಯೊಂದಿತ್ತು. ನಾಲ್ಕು ಪಕ್ಷಗಳಿಗೆ ಸೇರಿದ ಏಳು ಜನ. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲದ್ದರಿಂದ ಸಭೆಯ ನಡಾವಳಿ ಬರೆಯುವ ಕೆಲಸ ನನಗೆ ಬಂತು. ಒಂದು ಮಧ್ಯಾಹ್ನ ಲೈಬ್ರರಿಯೊಂದರ ಕೋಣೆಯಲ್ಲಿ ಅವರು ವಿಶ್ವಸಂಸ್ಥೆಗೆ ಪತ್ರ ಬರೆಯಲು ಕೂತರು. ಜೈಲಿನಲ್ಲಿರುವವರನ್ನು ಬಿಡಿಸಿ ಎಂಬುದು ಪತ್ರ. ಎರಡು ಗಂಟೆಯೂ ಒಂದೇ ವಾದ: ಕೆಳಗೆ ಯಾರ ಪಕ್ಷದ ಹೆಸರು ಮೊದಲು ಬರಬೇಕು. ಕೋಣೆಯ ಸಮಯ ಮುಗಿದು ಲೈಬ್ರರಿಯವರು ಬಾಗಿಲು ತಟ್ಟಿದರು. ಪತ್ರ ಹೋಗಲಿಲ್ಲ.

ಬಸ್ ನಿಲ್ದಾಣದಲ್ಲಿ ನಾನು ಮೇಷ್ಟ್ರ ಮೇಲೆ ಹರಿಹಾಯ್ದೆ. "ಅಲ್ಲಿ ಜನ ಜೈಲಲ್ಲಿ ಕೂತಿದ್ದಾರೆ, ಇವರಿಗೆ ಯಾರ ಹೆಸರು ಮೇಲೆ ಅನ್ನೋದೇ ದೊಡ್ಡದಾ? ಇಂಥವರಿಗಾಗಿ ಆಕೆ ಒಲೆ ಆರಿಸಿದಳಾ?"

ಅವರು ನನ್ನ ಕೈಯಲ್ಲಿದ್ದ ಹಾಳೆಗಳನ್ನು ತೆಗೆದುಕೊಂಡು ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿ ನೀನು ‘ನಾಚಿಕೆಯಿಲ್ಲದೆ’ ಅಂತ ಬರೆದಿದ್ದೀಯ. ಅದನ್ನ ಹೊಡೆದುಹಾಕು. ಯಾರು ಏನಂದರು, ಅಷ್ಟು ಬರಿ. ಓದಿದವರಿಗೆ ಸಿಟ್ಟು ತಾನಾಗಿ ಬರುತ್ತೆ."

ಆ ವೇಳೆಗೆ ಪ್ರೊಫೆಸರ್ ಪಟ್ಟಿ ತಯಾರಿಸುತ್ತಿದ್ದರು. ಆಫ್ರಿಕಾದ ಪ್ರತಿ ಚುನಾವಣೆಗೆ ಒಂದು ಸಾಲು. ವಿರೋಧ ಪಕ್ಷಗಳ ಮೈತ್ರಿ ಆಗಿದ್ದರೆ ಒಂದು, ಆಗಿಲ್ಲದಿದ್ದರೆ ಸೊನ್ನೆ. ಮತದಾನದ ದಿನ ಒಪ್ಪಂದ ಉಳಿದಿರಬೇಕು ಎಂಬುದು ನಿಯಮ. ಹಾಗಾಗಿ ಹನ್ನೊಂದು ಪಕ್ಷಗಳ ಆ ಮೈತ್ರಿಕೂಟಕ್ಕೆ ಸೊನ್ನೆ ಬಿತ್ತು. ಹದಿನಾಲ್ಕು ತಿಂಗಳ ಸಭೆಗಳಿವೆ, ಸಹಿಗಳಿವೆ ಎಂದೆ. "ಅರ್ಥವಾಗುತ್ತೆ. ಆದರೆ ಎಲ್ಲದಕ್ಕೂ ಒಂದೇ ಅಳತೆ ಇರಬೇಕಲ್ಲ" ಎಂದರು, ಬಹಳ ಸೌಮ್ಯವಾಗಿ.

ನಾನು ಆ ಪಟ್ಟಿಯನ್ನು ಮೇಷ್ಟ್ರಿಗೆ ತೋರಿಸಿದೆ. ಮುಚ್ಚಿಡುವುದು ಸರಿಯಲ್ಲ ಎನಿಸಿತ್ತು. ಅವರು ಕನ್ನಡಕ ಹಾಕಿಕೊಂಡು ತಮ್ಮ ದೇಶದ ಸಾಲು ಹುಡುಕಿದರು.

"ಈ ಸೊನ್ನೆ ಅಂದ್ರೆ ಏನು?"

"ಮೈತ್ರಿ ಆಗಿಲ್ಲ ಅಂತ."

ಕನ್ನಡಕ ತೆಗೆದಿಟ್ಟರು. "ಹಾಗಾದ್ರೆ ಸೇತುವೆ ಹತ್ರ ಸತ್ತೋರು ಯಾವುದಕ್ಕೆ ಸತ್ರು, ನಿಮ್ಮ ಪ್ರೊಫೆಸರ್‌ನ ಕೇಳು." ನಾನು ಕೇಳಲಿಲ್ಲ. ಕೇಳಬೇಕಿತ್ತು.

2013ರ ಒಂದು ಮಂಗಳವಾರ ಬೆಳಿಗ್ಗೆ ಕ್ಲಾಸ್ ಮುಗಿಸಿ ಹೊರಬಂದಾಗ ಅವರ ಒಂಬತ್ತು ಮಿಸ್ಡ್ ಕಾಲ್ ಇದ್ದವು. ಮರಳಿ ಮಾಡಿದೆ. ದನಿ ಗುರುತೇ ಸಿಗಲಿಲ್ಲ.

"ನಿಮ್ಮ ಲೈಬ್ರರಿಯ ವೆಬ್‌ಸೈಟಿನಲ್ಲಿ ನನ್ನ ಪುಸ್ತಕಗಳಿವೆ" ಎಂದರು. "ಹೆಸರುಗಳೆಲ್ಲ ಇವೆ. ಅಧ್ಯಕ್ಷನ ಕಡೆಯ ಪತ್ರಿಕೆ ಒಂದು ಪುಟವನ್ನ ಹಾಗೇ ಛಾಪಿಸಿದೆ. ಆಕೆಯನ್ನ ಹಿಡಿದುಕೊಂಡು ಹೋಗಿ ಮೂರು ದಿನ ಆಯ್ತು. ಒಲೆಗಳನ್ನ ಸುತ್ತಿಗೆ ತಗೊಂಡು ಒಡೆದಿದ್ದಾರೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಸಾಮಗ್ರಿ ವೆಬ್‌ಸೈಟಿಗೆ ಹೋಗುತ್ತದೆ ಎಂಬ ಈಮೇಲ್ ತಿಂಗಳ ಹಿಂದೆಯೇ ನನಗೆ ಬಂದಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿ ಅದನ್ನು ತೆರೆದು ನೋಡಿರಲಿಲ್ಲ.

ನನ್ನ ರೂಮ್‌ಮೇಟ್ ಉಡುಪಿಯವಳು, ಸಮುದ್ರ ಸಂಶೋಧನಾ ಸಂಸ್ಥೆಯಲ್ಲಿ ಪಾಚಿಗಳ ಮೇಲೆ ಕೆಲಸ ಮಾಡುತ್ತಿದ್ದಳು. ಅವಳಿಗೆ ಫೋನ್ ಮಾಡಿದೆ. ಲ್ಯಾಬಿನ ಕೋಟಿನಲ್ಲೇ ಓಡಿ ಬಂದಳು.

"ಎಂತ ಆಯ್ತು ಮಾರಾಯ್ತಿ?"

"ಎಲ್ಲಾರ ಹೆಸರೂ ಹಾಕ್ಯಾರ. ನಾನ ಕೊಟ್ಟೀನಿ. ನನ್ನ ಕೈಯಾರೆ ಕೊಟ್ಟೀನಿ."

"ಅಳುದು ಆಮೇಲೆ. ಮೊದಲು ಅದನ್ನು ತೆಗೆಸುವ. ಬಾ."

ಪ್ರೊಫೆಸರ್ ಕೋಣೆಯಲ್ಲಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ತುಂಬ ದುಃಖವಾಗುತ್ತಿದೆ ಎಂದರು. ಆಮೇಲೆ ಕಂಪ್ಯೂಟರಿನಲ್ಲಿ ಒಪ್ಪಿಗೆ ಪತ್ರ ತೆರೆದರು.

"ನಾಲ್ಕನೆಯ ಬಾಕ್ಸಿಗೆ ಗುರುತಿದೆ."

"ಅಂಚಿನಲ್ಲಿ ಬರೆದದ್ದು?"

ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸಿ ಹೋಗಿತ್ತು. ನನ್ನ ಅಕ್ಷರದ ಬಾಲಗಳಷ್ಟೇ ಕಾಣುತ್ತಿದ್ದವು. ನಿಮಗೆ ಕೊಟ್ಟ ಫೈಲುಗಳ ಜೊತೆ ಹೆಸರು ಮುಚ್ಚಬೇಕು ಎಂದು ಬೇರೆ ಚೀಟಿಯನ್ನೂ ಬರೆದು ಕೊಟ್ಟಿದ್ದೆನಲ್ಲ ಎಂದೆ. ಚೀಟಿ ಲೈಬ್ರರಿಯ ಸಿಬ್ಬಂದಿಯನ್ನು ತಲುಪಿಲ್ಲವೇನೋ ಎಂದರು.

"ಈಗಲೇ ತೆಗೆಸಿ."

"ಒಂದು ಪ್ರಕ್ರಿಯೆ ಇದೆ. ಎಥಿಕ್ಸ್ ಕಮಿಟಿ ಮುಂದಿನ ತಿಂಗಳು ಸೇರುತ್ತೆ. ನಾನೇ ಮುಂದೆ ನಿಂತು ವಿಷಯ ಎತ್ತುತ್ತೇನೆ."

"ಒಬ್ಬ ಹೆಂಗಸು ಪೊಲೀಸ್ ಠಾಣೆಯಲ್ಲಿದ್ದಾಳೆ."

"ನಿಮ್ಮ ಭಾವನೆ ನನಗೆ ಅರ್ಥವಾಗುತ್ತೆ" ಎಂದರು.

ಅಂದು ಆ ಮೇಜಿನ ಮೇಲಿದ್ದ ಏನನ್ನಾದರೂ ಎತ್ತಿ ಎಸೆಯಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಎಸೆಯಲಿಲ್ಲ. ಥ್ಯಾಂಕ್ಯೂ ಎಂದು ಹೇಳಿ ಹೊರಗೆ ಬಂದೆ. ಆ ಥ್ಯಾಂಕ್ಯೂ ನನ್ನನ್ನು ಇನ್ನೂ ಕುಟುಕುತ್ತದೆ.

ರೂಮ್‌ಮೇಟ್ ನನ್ನನ್ನು ನೇರ ಲೈಬ್ರರಿಗೆ ಎಳೆದುಕೊಂಡು ಹೋದಳು. ಸಂಗ್ರಹ ವಿಭಾಗದ ಕೌಂಟರಿನಲ್ಲಿ ಬಿಳಿಗೂದಲಿನ ಹೆಂಗಸೊಬ್ಬರಿದ್ದರು. ಫಾರ್ಮ್ ತುಂಬಿ ಹೋಗಿ, ಒಂದು ವಾರದಲ್ಲಿ ಉತ್ತರ ಬರುತ್ತೆ ಎಂದರು. ನಾವು ಇಲ್ಲಿಂದ ಹೋಗುವುದಿಲ್ಲ ಎಂದಳು ರೂಮ್‌ಮೇಟ್. ಇಬ್ಬರೂ ಕೌಂಟರಿನೆದುರು ನೆಲದ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಆಕೆ ಹೊರಗೆ ಬಂದು, ಏನಾಯಿತು ಸರಿಯಾಗಿ ಹೇಳಿ ಎಂದರು. ಪತ್ರಿಕೆಯಲ್ಲಿ ಬಂದ ಪುಟದ ಚಿತ್ರವನ್ನು ಮೇಷ್ಟ್ರು ಕಳಿಸಿದ್ದರು, ತೋರಿಸಿದೆ. ಅದನ್ನು ನೋಡಿ ಒಳಗೆ ಹೋದರು. ಹತ್ತು ನಿಮಿಷದಲ್ಲಿ ನೋಟುಪುಸ್ತಕಗಳು ವೆಬ್‌ಸೈಟಿನಿಂದ ಮಾಯವಾಗಿದ್ದವು. ಕಮಿಟಿಗೆ ಒಂದು ತಿಂಗಳು ಬೇಕಿದ್ದ ಕೆಲಸ.

ಐದನೆಯ ದಿನ ಒಡತಿಯನ್ನು ಬಿಟ್ಟರು. ಪೊಲೀಸರು ಅಂಗಳಕ್ಕೆ ಹಾಕಿದ ಬೀಗವನ್ನು ಬಹಳ ತಿಂಗಳು ತೆಗೆಯಲಿಲ್ಲ. ಆಕೆಯ ಎಡಕಿವಿಗೆ ಆಮೇಲೆ ಸರಿಯಾಗಿ ಕೇಳುತ್ತಿರಲಿಲ್ಲ ಎಂದು ಮೇಷ್ಟ್ರು ಹೇಳಿದರು. ಅದನ್ನು ಹೇಳಿದ್ದು ನಾನು ನೋಟುಪುಸ್ತಕಗಳನ್ನು ವಾಪಸ್ ಕೊಡಲು ಗ್ಲೆಂಡೇಲ್‌ಗೆ ಹೋದ ದಿನ. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ನಾಲ್ಕೂ ಪುಸ್ತಕಗಳನ್ನು ಎಣಿಸಿಕೊಂಡರು.

"ಅಂಚಿನಲ್ಲಿ ಬರೆಸಿದ್ದೆ" ಎಂದರು. "ನೀನೇ ಬರೆದಿದ್ದೆ. ನಿನ್ನ ಅಕ್ಷರ."

ತಪ್ಪಾಯಿತು ಎಂದೆ.  ಬಾಗಿಲು ಮುಚ್ಚಿಕೊಂಡಿತು, ಸದ್ದು ಮಾಡದೆ.

ನಾನು ದೂರು ಕೊಟ್ಟೆ. ಕಮಿಟಿ ಏಳು ತಿಂಗಳ ಮೇಲೆ ಎರಡು ಪುಟದ ಉತ್ತರ ಕಳಿಸಿತು. ಕಾರ್ಯವಿಧಾನದಲ್ಲಿ ಲೋಪವಾಗಿದೆ, ಸಂಬಂಧಪಟ್ಟವರು ಆನ್‌ಲೈನ್ ತರಬೇತಿ ಪಡೆಯತಕ್ಕದ್ದು. ಆ ತರಬೇತಿ ನನಗೂ ಇತ್ತು. ಒಂದು ಗಂಟೆಯ ವಿಡಿಯೋ, ಕೊನೆಯಲ್ಲಿ ಹತ್ತು ಪ್ರಶ್ನೆ. ಪ್ರೊಫೆಸರ್ ಕೂಡ ಪಾಸಾಗಿರಬೇಕು. ಅವರ ಪುಸ್ತಕ ಮುಂದಿನ ವರ್ಷ ಬಂತು, ಆ ಸೊನ್ನೆಯ ಸಮೇತ. ಮುನ್ನುಡಿಯಲ್ಲಿ ‘ಮಾಹಿತಿ ನೀಡಿದ ಅನೇಕರಿಗೆ’ ಕೃತಜ್ಞತೆ ಹೇಳಿದ್ದರು. ಲೈಬ್ರರಿ ನನ್ನ ದೂರಿನಂತೆ ಎಲ್ಲ ಹೆಸರುಗಳಿಗೂ ಕಪ್ಪು ಪಟ್ಟಿ ಎಳೆದು ಪುಟಗಳನ್ನು ಮತ್ತೆ ಹಾಕಿತು. ನಾನು ಬೇರೆ ಮಾರ್ಗದರ್ಶಕರನ್ನು ಹುಡುಕಿ, ಬೇರೆ ವಿಷಯದ ಮೇಲೆ ಬರೆದು, 2015ರಲ್ಲಿ ಪಿಎಚ್‌ಡಿ ಮುಗಿಸಿದೆ. ಸ್ಯಾಂಟಾ ಕ್ಲಾರಿಟಾದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಗ್ಲೆಂಡೇಲ್ ಅಲ್ಲಿಂದ ಅರ್ಧ ಗಂಟೆ. ಹೋಗುವ ಧೈರ್ಯ ಬರಲಿಲ್ಲ.

2016ರ ಕೊನೆಯಲ್ಲಿ ಅವರೇ ಫೋನ್ ಮಾಡಿದರು. ಮೂರು ವರ್ಷದ ನಂತರ.

"ಗೆದ್ದೆವು" ಎಂದರು. "ಈ ಸಲ ಎಲ್ಲ ಪಕ್ಷಗಳೂ ಕೊನೇವರೆಗೆ ಒಟ್ಟಿಗಿದ್ದವು. ಮುದುಕ ಅಧ್ಯಕ್ಷ ಇಳಿದ. ನಿಮ್ಮ ಪ್ರೊಫೆಸರ್‌ಗೆ ಹೇಳು, ಈ ಸಾಲಿಗೆ ಒಂದು ಅಂತ ಹಾಕಲಿ." ನಗುತ್ತಿದ್ದರು. ನಾನು ಅಳುತ್ತಿದ್ದೆ. ಮರುವರ್ಷ ಅವರು ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ನೋಟುಪುಸ್ತಕಗಳು ಕೈಚೀಲದಲ್ಲಿದ್ದವು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಹೊಸ ಸರ್ಕಾರದಲ್ಲಿ ಡಾಕ್ಟರ್ ಮತ್ತೆ ಮಂತ್ರಿಯಾಗಿದ್ದ. ಚುನಾವಣೆಗೆ ಸ್ವಲ್ಪ ಮೊದಲು ಗಾಳಿ ನೋಡಿ ಅಧ್ಯಕ್ಷನನ್ನು ಬಿಟ್ಟು ಬಂದಿದ್ದನಂತೆ. ರೇಡಿಯೋದಲ್ಲಿ ಸಂದರ್ಶನ ಕೊಟ್ಟು, ಮೈತ್ರಿಕೂಟದ ಗುಪ್ತ ಸಭೆಗಳೆಲ್ಲ ನಡೆದದ್ದು ತನ್ನ ಮನೆಯಲ್ಲಿ ಎಂದ. ಮೇಷ್ಟ್ರು ಇದನ್ನು 2018ರಲ್ಲಿ ವಾಟ್ಸ್ಯಾಪ್ ಕರೆಯಲ್ಲಿ ಹೇಳಿದರು. ಅವರ ಪಕ್ಕದಲ್ಲಿ ಒಂದು ಹೆಣ್ಣುದನಿ ಜೋರಾಗಿ ಮಾತಾಡುತ್ತಿತ್ತು.

"ಆಕೆ ಇಲ್ಲೇ ಇದ್ದಾಳೆ. ಹಿನ್ನೀರಿನ ದಡದಲ್ಲಿ ರಸ್ತೆ ಬರುತ್ತಂತೆ, ಅಂಗಳ ತೆರವು ಮಾಡು ಅಂತ ನೋಟಿಸ್ ಕೊಟ್ಟಿದ್ದಾರೆ. ಮೈತ್ರಿಕೂಟ ಹುಟ್ಟಿದ್ದೇ ಇಲ್ಲಿ ಅಂದ್ರೆ, ಪುರಾವೆ ಏನು ಅಂತಾರೆ. ನನ್ನ ಪುಸ್ತಕ ತೋರಿಸಿದ್ರೆ, ಇದನ್ನ ನೀನು ಹೋದ ವಾರ ಬರೆದಿರಬಹುದು ಅಂದ ಡಾಕ್ಟರ್. ಆ ಪತ್ರಿಕೆ ತೋರಿಸಿದ್ರೆ, ಅದು ಹಳೇ ಅಧ್ಯಕ್ಷನ ಸುಳ್ಳಿನ ಪತ್ರಿಕೆ ಅಂದ. ನಿಮ್ಮ ಲೈಬ್ರರಿಯಲ್ಲಿ ಹಳೇ ಸ್ಕ್ಯಾನ್ ಇದೆಯಲ್ಲ, ತಾರೀಖಿನ ಸಮೇತ. ಅದು ಬೇಕು. ಆದರೆ ಅದರಲ್ಲಿ ಆಕೆಯ ಹೆಸರಿನ ಮೇಲೆ ಕಪ್ಪು ಪಟ್ಟಿ ಇದೆ."

ಹಿಂದಿನಿಂದ ಒಡತಿ ಏನೋ ಹೇಳಿದಳು.

"ಏನಂತಾರೆ?" ಎಂದೆ.

"ಯಾರನ್ನ ಕೇಳಿ ಹೆಸರು ಹಾಕಿದಿರಿ, ಯಾರನ್ನ ಕೇಳಿ ಅಳಿಸಿದಿರಿ ಅಂತ ಕೇಳ್ತಿದ್ದಾಳೆ."

 ಎಂಟು ವರ್ಷದಲ್ಲಿ ಆಕೆಯನ್ನು ಒಂದು ಮಾತು ಕೇಳಬೇಕು ಎಂದು ನನಗೂ ಹೊಳೆದಿರಲಿಲ್ಲ, ಮೇಷ್ಟ್ರಿಗೂ ಹೊಳೆದಿರಲಿಲ್ಲ.

ಲಾ ಹೋಯಾಗೆ ಹೋದೆ. ಕಪ್ಪು ಪಟ್ಟಿಯಿಲ್ಲದ ಪ್ರತಿ ಕೊಡಬೇಕಾದರೆ ಸಾಮಗ್ರಿ ಒಪ್ಪಿಸಿದವರ, ಅಂದರೆ ಪ್ರೊಫೆಸರರ ಸಹಿ ಬೇಕು ಎಂದರು ಲೈಬ್ರರಿಯವರು. ಪ್ರೊಫೆಸರರದು ಅದೇ ಕೋಣೆ, ಅದೇ ಸಮುದ್ರ. ನನ್ನನ್ನು ನೋಡಿ ನಿಜಕ್ಕೂ ಸಂತೋಷಪಟ್ಟರು.

"ಆಗ ಮುಚ್ಚಬೇಕು ಅಂತ ಜಗಳ ಆಡಿದಿರಿ, ಈಗ ತೆರೀಬೇಕು ಅಂತೀರಿ" ಎಂದರು ನಗುತ್ತ.

"ಆಗಲೂ ಆಕೆಯ ಹೆಸರು ಆಕೆಯದೇ ಆಗಿತ್ತು, ಈಗಲೂ ಆಕೆಯದೇ" ಎಂದೆ. ಈ ಸಲ ಥ್ಯಾಂಕ್ಯೂ ಹೇಳಲಿಲ್ಲ. ನನ್ನ ದನಿ ಹೊರಗಿನ ಕಾರಿಡಾರಿಗೂ ಕೇಳಿಸಿರಬೇಕು, ಯಾರೋ ಬಾಗಿಲಲ್ಲಿ ಇಣುಕಿದರು.

ಆಕೆಯ ಲಿಖಿತ ಒಪ್ಪಿಗೆ ಬೇಕೆಂದರು. ಮೇಷ್ಟ್ರು ಆಕೆಯ ಹೆಬ್ಬೆಟ್ಟು ಹಾಕಿಸಿ ಕಳಿಸಿದರು. ಹೆಬ್ಬೆಟ್ಟು ನಡೆಯುವುದಿಲ್ಲ, ಸ್ವಂತ ಈಮೇಲ್ ವಿಳಾಸದಿಂದ ಬರಬೇಕು ಎಂದಿತು ವಿಶ್ವವಿದ್ಯಾಲಯದ ಕಚೇರಿ. ಓದು ಬರಹ ಬಾರದವಳಿಗೆ ಈಮೇಲ್. ಅದನ್ನೂ ಮಾಡಿಸಿದೆವು. ಹೀಗೆ ಹೋಗಿ ಬಂದು ಹತ್ತು ತಿಂಗಳಾಯಿತು. ಪ್ರೊಫೆಸರ್ ಕೊನೆಗೂ ಸಹಿ ಮಾಡಿದರು. ನಮಗಾಗಿ ಅಂದು ಪುಟಗಳನ್ನು ತೆಗೆದಿದ್ದ ಬಿಳಿಗೂದಲಿನ ಹೆಂಗಸೇ ಲೈಬ್ರರಿಯ ಮೊಹರು ಒತ್ತಿ ಪುಟವನ್ನು ನನ್ನ ಕೈಗೆ ಕೊಟ್ಟರು. ಅದು ತಲುಪುವಷ್ಟರಲ್ಲಿ ಬುಲ್ಡೋಜರ್ ಬಂದು ಅಂಗಳ ಹೋಗಿತ್ತು. ನೀರಿನಿಂದ ದೂರ, ಊರ ಹೊರಗೆ ಬದಲಿ ಜಾಗ ಕೊಟ್ಟಿದ್ದರು. ಮೀನು ಅಲ್ಲಿಗೆ ಲಾರಿಯಲ್ಲಿ ಬರಬೇಕು.

2019ರ ಜುಲೈನಲ್ಲಿ ಸ್ಯಾನ್ ಡಿಯಾಗೋದ ಹಳೆಯ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೆ. ಬೆಂಗಳೂರಿನಲ್ಲಿ ಸಮ್ಮಿಶ್ರ ಸರ್ಕಾರ ಬೀಳುತ್ತಿತ್ತು. ಶಾಸಕರು ರೆಸಾರ್ಟಿನಲ್ಲಿದ್ದರು. ಎಲ್ಲರೂ ಟಿವಿ ಮುಂದೆ ಕೂತು ಕ್ರಿಕೆಟ್ ನೋಡಿದಂತೆ ನೋಡುತ್ತಿದ್ದರು. "ಬನ್ನಿ ಬನ್ನಿ, ನಿಮ್ಮ ಸಬ್ಜೆಕ್ಟೇ ಲೈವ್ ಬರ್ತಿದೆ" ಎಂದರು ಮನೆಯ ಅಂಕಲ್. ಎಲ್ಲರೂ ನಕ್ಕರು.

"ಇದರೊಳಗ ನಗೋದೇನೈತ್ರಿ ಅಂಕಲ್?" ಎಂದೆ. ಗದಗಿನ ಮಾತು ತಾನಾಗಿ ಬಂದಿತ್ತು. "ಇವರಿಗೆ ವೋಟ್ ಹಾಕಿದೋರು ಬಿಸಿಲಾಗ ಸಾಲು ನಿಂತಿದ್ರು."

ಅಂಕಲ್ ಟಿವಿಯ ದನಿ ತಗ್ಗಿಸಿದರು. ಆಂಟಿ ತಟ್ಟೆಗೆ ಬಿಸಿಬೇಳೆಬಾತ್ ಬಡಿಸಿದರು. ತಿಂದು ಬೇಗ ಹೊರಟೆ.

ಮರುದಿನ ಮೇಷ್ಟ್ರ ಕರೆ ಬಂತು. ಒಡತಿ ಮೊಹರಿನ ಪುಟವನ್ನು ರೇಡಿಯೋದವರಿಗೆ ಕೊಟ್ಟು ಓದಿಸಿದ್ದಳು. ಹಳೆಯ ವಿಷಯ ಎಂದು ಡಾಕ್ಟರ್ ತಳ್ಳಿಹಾಕಿದ. ಊರ ಚುನಾವಣೆಯಲ್ಲಿ ಟಿಕೆಟ್ ಕೇಳಲು ಆಕೆ ಆಡಳಿತ ಮೈತ್ರಿಕೂಟದ ಕಚೇರಿಗೆ ಹೋದಾಗ ಬಾಗಿಲಲ್ಲಿ ಕೂರಿಸಿ ಕಳಿಸಿದ್ದರು. ಈಗ ಪಕ್ಷೇತರಳಾಗಿ ನಿಲ್ಲುತ್ತಿದ್ದಳು.

"ಗೆಲ್ತಾರಾ?" ಎಂದೆ.

"ಇಲ್ಲ" ಎಂದರು ಮೇಷ್ಟ್ರು. ಆಮೇಲೆ, "ತಾಳು, ಏನೋ ಕೇಳ್ತಿದ್ದಾಳೆ. ಆ ಹುಡುಗಿಗೆ ಇನ್ನೂ ಸಿಟ್ಟಿದೆಯಾ ಅಂತ."

"ಇದೆ ಅಂತ ಹೇಳಿ."

ಅವರು ಹೇಳಿದರು. ಆಕೆಯ ಕೇಳುವ ಬಲಗಿವಿಗೆ ಎರಡು ಸಲ ಹೇಳಬೇಕಾಯಿತು. ಉತ್ತರ ಉದ್ದವಾಗಿತ್ತು.

"ಹಾಗಾದ್ರೆ ಪೆನ್ನು ತಗೋ ಅಂತಿದ್ದಾಳೆ" ಎಂದರು ಮೇಷ್ಟ್ರು. "ಬೀಗ ಹಾಕಿದ ದಿನ ಅಲ್ಲಿದ್ದ ಹೆಂಗಸರಲ್ಲಿ ಆರು ಜನ ಇನ್ನೂ ಬದುಕಿದ್ದಾರೆ. ಎಲ್ಲರ ಮನೆಗೂ ಹೋಗಿ ಕೇಳಿ ಬಂದಿದ್ದಾಳೆ. ನಾಲ್ಕು ಜನಕ್ಕೆ ತಮ್ಮ ಹೆಸರಿನ ಮೇಲಿನ ಪಟ್ಟಿ ತೆಗೀಬೇಕಂತೆ. ಇಬ್ಬರಿಗೆ ಬೇಡವಂತೆ."

ಕಾಲೇಜಿನ ಉತ್ತರಪತ್ರಿಕೆಯೊಂದರ ಬೆನ್ನಿಗೆ ಆ ನಾಲ್ಕು ಹೆಸರುಗಳನ್ನು ಬರೆದುಕೊಂಡೆ. ಒಂದೊಂದನ್ನೂ ಅಕ್ಷರ ಬಿಡಿಸಿ ಕೇಳಿ, ಮರಳಿ ಓದಿ ಹೇಳಿ, ಸರಿ ಎಂದ ಮೇಲೆ ಮುಂದಿನದಕ್ಕೆ ಹೋದೆ. ಆಮೇಲೆ ಲೈಬ್ರರಿಯ ಫಾರ್ಮ್ ತೆರೆದು, ಮೊದಲ ಹೆಸರನ್ನು ತುಂಬಿದೆ.